ಗಮಕ ಅರಿಯದ ಗಣಕ

ಹೀಗೊಂದು ಚಿತ್ರ ಕಲ್ಪಿಸಿಕೊಳ್ಳಿ. ಮಾಗಡಿ ಸೀಮೆಯ ಒಂದು ಹಳ್ಳಿ. ಮದುವೆ ಮನೆಯ ಚಪ್ಪರ ಇನ್ನೂ ಬಿಚ್ಚಿಲ್ಲ. ಜಗಲಿಯ ಮೇಲೆ ಕುಳಿತ ಅಜ್ಜಿ ಸೋಬಾನೆ ಪದ ಹೇಳುತ್ತಿದ್ದಾಳೆ. ಪಿಯುಸಿ ಓದುವ ಮೊಮ್ಮಗ ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಾನೆ. ರಾತ್ರಿ ಕಂಪ್ಯೂಟರಿಗೆ ಹಾಕಿ, ಸಂಗೀತ ತಯಾರಿಸುವ ತಂತ್ರಾಂಶವೊಂದರಲ್ಲಿ ತೆರೆಯುತ್ತಾನೆ. ಪರದೆಯ ಮೇಲೆ ಅಜ್ಜಿಯ ದನಿ ಅಂಕುಡೊಂಕಾದ ಗೆರೆಯಾಗಿ ಮೂಡುತ್ತದೆ. ಪಕ್ಕದಲ್ಲಿ ಹನ್ನೆರಡು ನೇರ ಅಡ್ಡಗೆರೆಗಳು. ಅಜ್ಜಿಯ ಗೆರೆ ಅವುಗಳಲ್ಲಿ ಒಂದರ ಮೇಲೂ ನಿಲ್ಲುತ್ತಿಲ್ಲ. ಎಲ್ಲೆಲ್ಲೂ ಕೆಂಪು ಗುರುತು. ಹುಡುಗ ‘ಸರಿಪಡಿಸು’ ಎಂಬ ಗುಂಡಿ ಒತ್ತುತ್ತಾನೆ, ಗೆರೆಯೆಲ್ಲ ನೆಟ್ಟಗಾಗುತ್ತದೆ. ಅದನ್ನೇ ಹಳೆಯ ಕಡತದ ಮೇಲೆ ಉಳಿಸಿಬಿಡುತ್ತಾನೆ. ಬೆಳಗ್ಗೆ ಕೇಳಿಸಿದಾಗ ಅಜ್ಜಿ ಕಿವಿಯಾನಿಸಿ ಕೇಳಿ, “ಯಾರ್ಲಾ ಮಗ ಇದು ಹಾಡ್ತಿರೋದು?” ಎನ್ನುತ್ತಾಳೆ.

ತಪ್ಪು ಯಾರದು? ಎಪ್ಪತ್ತು ವರ್ಷ ಹಾಡಿಕೊಂಡು ಬಂದ ಅಜ್ಜಿಯದೇ, ತಂತ್ರಾಂಶದ್ದೇ?

ಉತ್ತರ ಹುಡುಕಲು ಸ್ವಲ್ಪ ಭೌತಶಾಸ್ತ್ರ ಬೇಕು. ಲೆಕ್ಕ ಸುಲಭದ್ದೇ.

ಇಂದು ಹಾಡುಗಳ ಮುದ್ರಣ, ಜೋಡಣೆ, ಹದ ಮಾಡುವಿಕೆ ಎಲ್ಲವೂ ಕಂಪ್ಯೂಟರಿನೊಳಗೇ ನಡೆಯುತ್ತವೆ. ಹಿಂದೆ ದೊಡ್ಡ ಸ್ಟುಡಿಯೋದಲ್ಲಿ ಕೋಣೆ ತುಂಬ ಇರುತ್ತಿದ್ದ ಯಂತ್ರಗಳ ಕೆಲಸವನ್ನು ಒಂದು ತಂತ್ರಾಂಶ ಮಾಡುತ್ತದೆ. ಸಿ.ಡಿ. ಗುಣಮಟ್ಟದಲ್ಲಿ ಅದು ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಅಳತೆಗಳನ್ನು ಅಂಕಿಗಳಾಗಿ ಬರೆದಿಡುತ್ತದೆ. ಆಮೇಲೆ ನಡೆಯುವುದೆಲ್ಲ ಆ ಅಂಕಿಗಳ ಕೂಡಿಸು, ಕಳೆ, ಗುಣಿಸು. ಬರ್ಲಿನ್ನಿನ ಏಬಲ್ಟನ್ ಲೈವ್, ಹ್ಯಾಂಬರ್ಗ್ ನಗರದ ಕ್ಯೂಬೇಸ್, ಬೆಲ್ಜಿಯಂ ದೇಶದ ಎಫ್‌ಎಲ್ ಸ್ಟುಡಿಯೋ ಈ ಬಗೆಯ ಹೆಸರಾಂತ ತಂತ್ರಾಂಶಗಳು. ದುಡ್ಡು ಕೊಡದೆ, ಕಾನೂನುಬದ್ಧವಾಗಿಯೇ ಪಡೆಯಬಹುದಾದ ಆಡಾಸಿಟಿ, ಎಲ್‌ಎಂಎಂಎಸ್ ಎಂಬುವೂ ಇವೆ. (ಮಕ್ಕಳು ಕದ್ದ ಪ್ರತಿಯನ್ನು ಕಂಪ್ಯೂಟರಿಗೆ ತುಂಬಿ, ಜೊತೆಗೆ ವೈರಸ್ಸನ್ನೂ ತುಂಬಿಕೊಳ್ಳುವುದಕ್ಕೆ ಮೊದಲು ತಂದೆತಾಯಿ ಈ ಎರಡು ಹೆಸರು ನೆನಪಿಟ್ಟುಕೊಂಡರೆ ಒಳ್ಳೆಯದು.)

ಈ ತಂತ್ರಾಂಶ ಬಳಸುವವರು ಸುಮ್ಮನಿರುವ ಜನ ಅಲ್ಲ. ‘ಮುಂದಿನ ಆವೃತ್ತಿಯಲ್ಲಿ ಇದು ಬೇಕು, ಅದು ಬೇಕು’ ಎಂದು ತಯಾರಕರಿಗೆ ಉದ್ದುದ್ದ ಪಟ್ಟಿ ಕೊಡುತ್ತಲೇ ಇರುತ್ತಾರೆ. ಅನೇಕ ಬೇಡಿಕೆಗಳು ಈಡೇರಿಯೂ ಇವೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಒಬ್ಬ ಹುಡುಗನೋ ಹುಡುಗಿಯೋ ಪಟ್ಟಿ ಬರೆದರೆ ಅದರಲ್ಲಿ ಏನಿರಬೇಕು?

ಮೊದಲನೆಯದು, ಆ ಹನ್ನೆರಡು ಗೆರೆಗಳ ತಕರಾರು.

1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಭೆಯೊಂದು ‘ಎ’ ಎಂಬ ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂದು ಗೊತ್ತುಮಾಡಿತು. ಅದರ ಕೆಳಗಿನ ಸ್ಥಾಯಿಯ ‘ಎ’ ಎಂದರೆ ಅರ್ಧ, 220. ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದರೆ ಪ್ರತಿ ಮೆಟ್ಟಿಲೂ ಹಿಂದಿನದರ 1.0595ರಷ್ಟಿರುತ್ತದೆ. ಹಾಗಾಗಿ 220ರ ನಂತರದ ಮೆಟ್ಟಿಲು ಸುಮಾರು 233. ನಡುವೆ ಏನೂ ಇಲ್ಲ. ಪಿಯಾನೋ, ಹಾರ್ಮೋನಿಯಂ, ಕೀಬೋರ್ಡುಗಳ ಮನೆಗಳು ಇವೇ.

ನಮ್ಮ ಹಾಡುಗಾರಿಕೆಯಲ್ಲಿ ಷಡ್ಜಕ್ಕೆ ಇಂಥದೇ ಅಂಕಿ ಎಂಬ ಕಟ್ಟಳೆಯಿಲ್ಲ. ಹಾಡುವವರ ಗಂಟಲಿಗೆ ಹಿತವಾದದ್ದೇ ಶ್ರುತಿ. ಅಜ್ಜಿಯ ಆಧಾರ ಸ್ವರ 226 ಕಂಪನದಲ್ಲಿ ನಿಂತಿತ್ತು ಎಂದಿಟ್ಟುಕೊಳ್ಳಿ. ಅದು 220ಕ್ಕೂ 233ಕ್ಕೂ ಹೆಚ್ಚುಕಡಿಮೆ ನಡುಮಧ್ಯ. ತಂತ್ರಾಂಶ ಮಾಡಿದ್ದೇನು? ಒಂದು ಸ್ವರವನ್ನು ಕೆಳಕ್ಕೆ ತಳ್ಳಿತು, ಇನ್ನೊಂದನ್ನು ಮೇಲಕ್ಕೆ ಎಳೆಯಿತು. ಯಾವುದು ಕೂದಲೆಳೆಯಷ್ಟು ಹತ್ತಿರವೋ ಅತ್ತ. ತನ್ನೊಳಗೆ ತಾನು ಸರಿಯಾಗಿಯೇ ಇದ್ದ ಹಾಡಿನ ಸ್ವರಗಳ ನಡುವಣ ಅಂತರವೇ ಕೆಟ್ಟಿತು. ಅಳತೆಗೋಲಿನ ಸೊನ್ನೆಯನ್ನು ತಪ್ಪು ಜಾಗದಲ್ಲಿ ಇಟ್ಟು ‘ಬಟ್ಟೆ ಗಿಡ್ಡ’ ಎಂದ ಹಾಗಾಯಿತು.

ಈ ‘ಸರಿಪಡಿಸುವ’ ಯಂತ್ರದ ಹುಟ್ಟೂ ಒಂದು ಬಯಕೆಯಿಂದಲೇ ಆದದ್ದು. ಅಮೆರಿಕದ ಆಂಡಿ ಹಿಲ್ಡೆಬ್ರಾಂಡ್ ಎಂಬ ಎಂಜಿನಿಯರ್ ಮೊದಲಿಗೆ ತೈಲ ಶೋಧನೆಯ ಕ್ಷೇತ್ರದಲ್ಲಿದ್ದವರು. ನೆಲದೊಳಕ್ಕೆ ಕಳಿಸಿದ ಧ್ವನಿ ತರಂಗ ಬಂಡೆಗಳಿಗೆ ತಾಗಿ ಹಿಂದಿರುಗುವುದನ್ನು ಗಣಿತದ ಮೂಲಕ ಬಿಡಿಸಿ, ಎಣ್ಣೆ ಎಲ್ಲಿದೆ ಎಂದು ಊಹಿಸುವ ಕೆಲಸ. ಒಮ್ಮೆ ಊಟದ ಹೊತ್ತಿನಲ್ಲಿ ಜೊತೆಗಿದ್ದ ಮಹಿಳೆಯೊಬ್ಬರು, ತಾನು ಶ್ರುತಿಬದ್ಧವಾಗಿ ಹಾಡುವಂತೆ ಮಾಡುವ ಪೆಟ್ಟಿಗೆಯೊಂದನ್ನು ಮಾಡಿಕೊಡಬಾರದೇ ಎಂದು ತಮಾಷೆಗೆ ಕೇಳಿದರಂತೆ. ಅಲೆಯೊಂದು ತನ್ನನ್ನು ತಾನೇ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆಂದು ಕಂಡುಹಿಡಿಯುವ ಅದೇ ಬಗೆಯ ಗಣಿತವನ್ನು ಅವರು ಹಾಡುವ ದನಿಗೆ ಹಚ್ಚಿದರು. 1997ರಲ್ಲಿ ‘ಆಟೋ-ಟ್ಯೂನ್’ ಮಾರುಕಟ್ಟೆಗೆ ಬಂತು. ಮರುವರ್ಷವೇ ಶೇರ್ ಎಂಬ ಗಾಯಕಿಯ ‘ಬಿಲೀವ್’ ಹಾಡಿನಿಂದ ಜಗತ್ತಿಗೆಲ್ಲ ಅದರ ಪರಿಚಯವಾಯಿತು. ಕಂಪನ ಅಳೆಯುವ ಗಣಿತದಲ್ಲಿ ದೋಷವಿಲ್ಲ. ಅಳೆದದ್ದನ್ನು ಯಾವುದಕ್ಕೆ ಹೋಲಿಸಬೇಕು ಎಂಬಲ್ಲಿ ಎಡವಟ್ಟು.

ಈಗ ಇನ್ನೊಂದು ಲೆಕ್ಕ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳು ಮೊದಲು ಕಲಿಯುವುದು ಮಾಯಾಮಾಳವಗೌಳ ರಾಗದ ಸರಳೆ ವರಸೆ. ಅದರಲ್ಲಿ ಬರುವುದು ಅಂತರ ಗಾಂಧಾರ. ಲೆಕ್ಕ ಸುಲಭವಾಗಲೆಂದು ಷಡ್ಜ 240 ಕಂಪನ ಎನ್ನಿ. ತಂಬೂರಿಗೆ ಸರಿಹೊಂದಿ ನಿಲ್ಲುವ ಗಾಂಧಾರ ಅದರ 5/4 ಪಾಲು, ಅಂದರೆ 300. ಕೀಬೋರ್ಡಿನ ಮನೆಯಲ್ಲಿ ಸಿಗುವ ಗಾಂಧಾರ 302.4. ಎರಡು ಚಿಲ್ಲರೆ ಕಂಪನ ಹೆಚ್ಚಾದರೆ ಏನು ಮಹಾ ಎನ್ನಬೇಡಿ. ತಂಬೂರಿಯ ತಂತಿ ಬರಿಯ 240ರಲ್ಲಿ ಕಂಪಿಸುವುದಿಲ್ಲ; ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನಲ್ಲೂ ಕಂಪಿಸುತ್ತದೆ. ಐದನೆಯ ಪಟ್ಟು 1200. ಗಾಂಧಾರ 300ರಲ್ಲಿದ್ದರೆ ಅದರ ನಾಲ್ಕನೆಯ ಪಟ್ಟೂ 1200. ಎರಡೂ ಒಂದರೊಳಗೊಂದು ಕರಗಿಹೋಗುತ್ತವೆ. ಗಾಂಧಾರ 302.4 ಆದರೆ ನಾಲ್ಕನೆಯ ಪಟ್ಟು 1209.6. ಈಗ ಇವೆರಡೂ ಸೆಕೆಂಡಿಗೆ ಒಂಬತ್ತು ಹತ್ತು ಸಲ ಜಗಳವಾಡುತ್ತವೆ. ದನಿ ಗರಗರ ಎನ್ನುತ್ತದೆ. ಪಿಯುಸಿಯಲ್ಲಿ ‘ಬೀಟ್ಸ್’ ಎಂದು ಉರುಹೊಡೆಯುವ ಪಾಠ ಇದೇ. ಪರೀಕ್ಷೆಯಲ್ಲಿ ಸೂತ್ರ ಬರೆದು ಅಂಕ ಗಳಿಸುವ ಎಷ್ಟೋ ಮಕ್ಕಳು ಅದನ್ನು ಕಿವಿಯಲ್ಲಿ ಕೇಳಿರುವುದೇ ಇಲ್ಲ ಎಂಬುದು ಬೇಸರದ ಸಂಗತಿ.

ಹಾಗಾದರೆ ಗಣಕಕ್ಕೆ ಹನ್ನೆರಡರ ಆಚೆ ಗೊತ್ತೇ ಇಲ್ಲವೇ? ಗೊತ್ತಿದೆ, ಆದರೆ ಅಭ್ಯಾಸವಿಲ್ಲ. ಬೇರೆ ಬೇರೆ ಕಂಪನಿಗಳ ವಿದ್ಯುನ್ಮಾನ ವಾದ್ಯಗಳು ಪರಸ್ಪರ ಮಾತಾಡಲೆಂದು 1983ರಲ್ಲಿ ‘ಮಿಡಿ’ ಎಂಬ ಸಂಕೇತ ಭಾಷೆ ಜಾರಿಗೆ ಬಂತು. ಅದರಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ನಂಬರು. ಕೀಬೋರ್ಡಿನ ಮನೆಗಳಿಗೆ ಕೊಟ್ಟ ನಂಬರುಗಳಿವು. ಮನೆಯಿಂದ ಮನೆಗೆ ಜಾರಲು ಒಂದು ಚಕ್ರವನ್ನೂ ಇಟ್ಟರು. ಚಕ್ರಕ್ಕೆ 16,384 ಹಂತಗಳಿವೆ. ಸಾಮಾನ್ಯವಾಗಿ ಅದು ಮೇಲಕ್ಕೆ ಎರಡು ಮನೆ, ಕೆಳಕ್ಕೆ ಎರಡು ಮನೆ ಜಾರಿಸುತ್ತದೆ. ತೋಡಿ ರಾಗದ ಗಾಂಧಾರ ನೆನಪಿಸಿಕೊಳ್ಳಿ. ಅದು ನಿಂತ ಸ್ವರವಲ್ಲ, ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುವ ಉಯ್ಯಾಲೆ. ಅಲ್ಲಿಂದ ರಿಷಭ ಎರಡು ಮನೆ ಕೆಳಗೆ, ಮಧ್ಯಮ ಎರಡು ಮನೆ ಮೇಲೆ. ಕಾಗದದ ಮೇಲೆ ಚಕ್ರ ಸಾಕಷ್ಟೇ ಆಯಿತು. ತೊಡಕಿದ್ದದ್ದು ಬೇರೆ ಕಡೆ. ಚಕ್ರ ತಿರುಗಿಸಿದರೆ ಆ ಸಾಲಿನಲ್ಲಿ ನುಡಿಯುತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ಅಲ್ಲಾಡುತ್ತವೆ. ಗಾಂಧಾರದ ಜೊತೆ ಷಡ್ಜ ಹಿಡಿದಿದ್ದರೆ ಷಡ್ಜವೂ ನಡುಗುತ್ತದೆ! ಷಡ್ಜ ಅಲ್ಲಾಡಿದರೆ ಸಂಗೀತದಲ್ಲಿ ಉಳಿಯುವುದೇನು?

ಪ್ರತಿ ಸ್ವರವೂ ಬೇರೆಬೇರೆಯಾಗಿ ಜಾರಬೇಕೆಂಬ ಬಯಕೆ ಬಹಳ ಹಳೆಯದು. 2018ರಲ್ಲಿ ಮಿಡಿಗೆ ಸೇರಿಸಿದ ‘ಎಂಪಿಇ’ ಎಂಬ ಪದ್ಧತಿ, 2020ರಲ್ಲಿ ಅಂಗೀಕಾರವಾದ ಮಿಡಿಯ ಎರಡನೆಯ ಆವೃತ್ತಿ, ಇವು ಆ ದಾರಿ ತೆರೆದವು. ಸಮಪಾಲಿನ ಮೆಟ್ಟಿಲು ಬಿಟ್ಟು ಬೇರೆ ಶ್ರುತಿಕ್ರಮಗಳನ್ನು ಇಟ್ಟುಕೊಳ್ಳುವ ಸೌಲಭ್ಯ ಏಬಲ್ಟನ್ ಲೈವ್‌ನಲ್ಲಿ 2024ರ ಹನ್ನೆರಡನೆಯ ಆವೃತ್ತಿಯೊಂದಿಗೆ ಬಂತು. ಮೂವತ್ತು ನಲವತ್ತು ವರ್ಷ ಕಾದರೂ ಸಿಕ್ಕಿತಲ್ಲ ಎನ್ನಬೇಕು.

ಆದರೂ ಗಮಕ ಇನ್ನೂ ದೂರ. ಇಂದಿಗೂ ಬಳಕೆದಾರ ಗೆರೆಯನ್ನು ಕೈಯಿಂದ ಎಳೆದೆಳೆದು ಬರೆಯಬೇಕು. ‘ಇದು ತೋಡಿಯ ಗಾಂಧಾರ’ ಎಂದರೆ ತಾನಾಗಿ ತೂಗಬೇಕೆಂಬುದು ಕರ್ನಾಟಕ ಸಂಗೀತ ಬಲ್ಲವರ ಬಯಕೆ. ಅದು ಅಸಾಧ್ಯವೇನಲ್ಲ. ಎಂ. ಸುಬ್ರಮಣಿಯನ್ ರೂಪಿಸಿದ ‘ಗಾಯಕ’ ಎಂಬ ತಂತ್ರಾಂಶ ಸ್ವರಲಿಪಿ ಬರೆದುಕೊಟ್ಟರೆ ಗಮಕ ಸೇರಿಸಿ ನುಡಿಸುವ ಪ್ರಯತ್ನವನ್ನು ಬಹಳ ಹಿಂದೆಯೇ ಮಾಡಿದೆ. ಅಂಥ ತಿಳಿವಳಿಕೆ ದೊಡ್ಡ ತಂತ್ರಾಂಶಗಳ ಒಳಕ್ಕೆ ಬರಬೇಕು.

ಇನ್ನು ಲಯದ ವಿಚಾರ. ರಾಮನಗರದ ಕರಗವನ್ನೋ ಕನಕಪುರದ ಕಡೆಯ ಪೂಜಾ ಕುಣಿತವನ್ನೋ ನೋಡಿದವರಿಗೆ ತಮಟೆಯ ವರಸೆ ಗೊತ್ತು. ನಿಧಾನವಾಗಿ ಹೊರಟು, ಕುಣಿತ ಏರಿದಂತೆ ತಾನೂ ಏರುತ್ತದೆ. ತಂತ್ರಾಂಶದಲ್ಲಿ ಕಾಲವೆಂದರೆ ಸಮ ಅಂತರದ ಕಂಬಿಗಳ ಕಿಟಕಿ. ನಿಮಿಷಕ್ಕೆ 100 ಪೆಟ್ಟು ಎಂದು ಮೊದಲೇ ಹೇಳಿಬಿಟ್ಟರೆ, ಪೆಟ್ಟಿಗೆ 600 ಮಿಲಿಸೆಕೆಂಡು. ಅದರ ಕಾಲು ಭಾಗ 150. ತಮಟೆಯವರು ಬೇಕೆಂದೇ 15 ಮಿಲಿಸೆಕೆಂಡು ಮುಂಚೆ ಬಾರಿಸಿದ ಒಂದು ಪೆಟ್ಟನ್ನೂ ಯಂತ್ರ ‘ತಪ್ಪು’ ಎಂದು ಎಳೆದು ಕಂಬಿಗೆ ಕಟ್ಟುತ್ತದೆ. ಕುಣಿಯುವವರ ಕಾಲನ್ನು ಎತ್ತಿಸುತ್ತಿದ್ದದ್ದು ಆ 15 ಮಿಲಿಸೆಕೆಂಡೇ. ಯಂತ್ರ ಹೇಳಿದಂತೆ ತಮಟೆ ನಡೆಯುವ ಬದಲು, ತಮಟೆ ಹೋದಂತೆ ಕಂಬಿಗಳು ಸರಿಯಬೇಕು. 2021ರ ಏಬಲ್ಟನ್ ಲೈವ್ ಹನ್ನೊಂದನೆಯ ಆವೃತ್ತಿ ಒಳಬರುವ ಸದ್ದಿನ ವೇಗ ಅನುಸರಿಸಿ ತನ್ನ ವೇಗ ಬದಲಿಸುವುದನ್ನು ಕಲಿತಿದೆ. ಮಿಶ್ರ ಚಾಪು ತಾಳಕ್ಕೆ ಏಳು ಎಂದು ಅಂಕಿ ಕೊಡಬಹುದು, ನಿಜ. ಅದು ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ ಎಂಬುದನ್ನು ಮಾತ್ರ ಪ್ರತಿ ಸಲವೂ ನಾವೇ ಹೇಳಿಕೊಡಬೇಕು.

ತಮಟೆಯ ನಾದವನ್ನೇ ತಂತ್ರಾಂಶದಲ್ಲಿ ಹುಡುಕಿದರೆ? ತಬಲ, ಢೋಲಕ್ ಸುಲಭವಾಗಿ ಸಿಕ್ಕಾವು. ತಮಟೆ, ನಗಾರಿ, ಮೌರಿಗಳನ್ನು ದೀಪ ಹಿಡಿದು ಹುಡುಕಬೇಕು. ಇದನ್ನು ತುಂಬಿಕೊಡುವ ಕೆಲಸ ಬರ್ಲಿನ್ನಿನವರದಲ್ಲ. ವಾದ್ಯದ ಒಂದೊಂದು ಸದ್ದನ್ನೂ ಮುದ್ರಿಸಿ ತಂತ್ರಾಂಶಕ್ಕೆ ಕೊಟ್ಟರೆ ಅದು ನುಡಿಸಬಲ್ಲ ವಾದ್ಯವಾಗುತ್ತದೆ. ಅಭ್ಯಾಸಕ್ಕೆ ಚನ್ನಪಟ್ಟಣದ ಅರಗಿನ ಗಿಲಕಿ ಸಾಕು. ಮೆಲ್ಲಗೆ ಅಲ್ಲಾಡಿಸಿ ಒಂದು ಸಲ, ಜೋರಾಗಿ ಇನ್ನೊಂದು ಸಲ ಮುದ್ರಿಸಿ. ಜೋರಾದಾಗ ಸದ್ದು ದೊಡ್ಡದಾಗುವುದಷ್ಟೇ ಅಲ್ಲ, ಅದರ ಬಣ್ಣವೇ ಬದಲಾಗುತ್ತದೆ ಎಂಬುದು ಕೇಳಿದರೆ ತಿಳಿಯುತ್ತದೆ. ಆದ್ದರಿಂದಲೇ ಒಂದೇ ಪೆಟ್ಟನ್ನು ಹಲವು ಬಲಗಳಲ್ಲಿ ಮುದ್ರಿಸಬೇಕು. ತಮಟೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬಾರಿಸುವ ಮೊದಲು ಅದನ್ನು ಬೆಂಕಿಗೆ ಕಾಯಿಸುತ್ತಾರೆ. ಚರ್ಮದ ತೇವ ಆರಿ ಬಿಗಿ ಹೆಚ್ಚುತ್ತದೆ, ನಾದ ಏರುತ್ತದೆ. ಬಿಗಿ ನಾಲ್ಕು ಪಟ್ಟಾದರೆ ಕಂಪನ ಎರಡು ಪಟ್ಟು ಎಂಬುದು ವರ್ಗಮೂಲದ ನಿಯಮ. ತಂಗಾಳಿಗೆ ಚರ್ಮ ಮತ್ತೆ ಸಡಿಲ. ‘ಕಾವು’ ಎಂದೊಂದು ಗುಂಡಿಯಿರುವ ತಮಟೆ ತಂತ್ರಾಂಶದಲ್ಲಿ ಬಂದರೆ ಎಷ್ಟು ಚೆನ್ನ! ಇಂಥ ವಾದ್ಯಗಳನ್ನು ಕಣ್ಣಾರೆ ನೋಡಲು ದೂರ ಹೋಗಬೇಕಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಿಂದ ರಾಮನಗರದ ಹೆದ್ದಾರಿಯ ಪಕ್ಕದಲ್ಲೇ ಇದೆ.

ಹೆಸರಿಲ್ಲದ ವಾದ್ಯಕ್ಕೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ. 2019ರಲ್ಲಿ ಫ್ರಾನ್ಸಿನ ಡೀಜರ್ ಕಂಪನಿ ‘ಸ್ಪ್ಲೀಟರ್’ ಎಂಬ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಬೆರೆತ ಹಾಡನ್ನು ಅದು ಮತ್ತೆ ಬೇರ್ಪಡಿಸುತ್ತದೆ. ಹಾಲು ನೀರು ಬೇರೆ ಮಾಡುವ ಹಂಸದ ಹಾಗೆ. ಅದು ಮಾಡುವ ನಾಲ್ಕು ಪಾಲು ಯಾವುವು? ದನಿ, ಡ್ರಮ್ಮು, ಬೇಸು, ‘ಇತರೆ’. ನಾಗಸ್ವರ, ಮೌರಿ, ತಂಬೂರಿಗಳಿಗೆ ಹೆಸರಿನ ಪಾಲಿಲ್ಲ; ಅವು ಇತರೆಯ ಚೀಲಕ್ಕೆ. ಯಾವ ಮಾದರಿಗಳನ್ನು ತೋರಿಸಿ ಕಲಿಸಿದರೋ ಅವನ್ನು ಮಾತ್ರ ಯಂತ್ರ ಗುರುತಿಸುತ್ತದೆ. ಹಳೆಯ ಧ್ವನಿಸುರುಳಿಗಳಲ್ಲಿರುವ ಜನಪದ ಹಾಡುಗಳನ್ನು ಗದ್ದಲದಿಂದ ಬಿಡಿಸಿ ತೆಗೆಯಲು ಇದು ದೊಡ್ಡ ಸಾಧನವಾಗಬಲ್ಲದು, ನಮ್ಮ ಮಾದರಿಗಳನ್ನು ಯಾರಾದರೂ ತೋರಿಸಿಕೊಟ್ಟರೆ.

ಹಾಡುವವರ ಸಾಮಾನ್ಯ ದೂರೊಂದು ಇದೆ: ‘ನನ್ನ ದನಿ ನನಗೇ ತಡವಾಗಿ ಕೇಳಿಸುತ್ತದೆ.’ ಕಂಪ್ಯೂಟರು ಅಂಕಿಗಳನ್ನು ಒಂದೊಂದಾಗಿ ಸಾಗಿಸದೆ ಕಂತೆಕಂತೆಯಾಗಿ ಸಾಗಿಸುವುದೇ ಕಾರಣ. ಕಂತೆಗೆ 1,024 ಅಂಕಿ ಎಂದರೆ 23 ಮಿಲಿಸೆಕೆಂಡು ತಡ. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ಸುಮಾರು 8 ಮೀಟರ್ ಹೋಗಿರುತ್ತದೆ. ಎಂಟು ಮೀಟರ್ ಆಚೆ ನಿಂತವನ ತಾಳಕ್ಕೆ ಹಾಡಿದಂತೆ. ಕಂತೆಯನ್ನು 256ಕ್ಕೆ ಇಳಿಸಿದರೆ ತಡ 6 ಮಿಲಿಸೆಕೆಂಡಿಗೆ ಇಳಿಯುತ್ತದೆ, ಕಂಪ್ಯೂಟರಿಗೆ ಕೆಲಸ ಹೆಚ್ಚುತ್ತದೆ. ಹೊಸ ಕಂಪ್ಯೂಟರ್ ಬೇಕೇಬೇಕೆಂದು ಮಗ ಹಟ ಹಿಡಿದರೆ ಮೊದಲು ಈ ಅಂಕಿಯನ್ನು ಬದಲಿಸಿ ನೋಡಲು ಹೇಳಿ.

ಪಟ್ಟಿಯ ಮೇಲ್ಭಾಗದಲ್ಲಿ ಬರಬೇಕಾಗಿದ್ದೂ ಹೆಚ್ಚಿನವರಿಗೆ ಹೊಳೆಯದ ಬೇಡಿಕೆ ಒಂದಿದೆ. ಕರ್ನಾಟಕದಲ್ಲಿ ಸಂಗೀತ ಎಂದೊಡನೆ ನೆನಪಾಗುವ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣು ಕಾಣದವರು. ಅಲ್ಲಿ ಎಷ್ಟೋ ಅಂಧ ಮಕ್ಕಳು ಸಂಗೀತ ಕಲಿತು ಬದುಕು ಕಟ್ಟಿಕೊಂಡಿದ್ದಾರೆ. ಈ ತಂತ್ರಾಂಶಗಳಲ್ಲಿ ಬಹಳಷ್ಟು ಗುಂಡಿಗಳು ಬರಿಯ ಚಿತ್ರಗಳು. ಪರದೆಯನ್ನು ಓದಿ ಹೇಳುವ ‘ಎನ್‌ವಿಡಿಎ’ಯಂಥ ಉಚಿತ ತಂತ್ರಾಂಶಕ್ಕೆ ಅಕ್ಷರ ಕಂಡೀತೇ ಹೊರತು ಚಿತ್ರ ಕಾಣದು. ಕಿವಿಯನ್ನೇ ನಂಬಿ ನಡೆಯುವ ಕಲೆಯ ಉಪಕರಣ ಕಣ್ಣಿಲ್ಲದವರಿಗೆ ಬಾಗಿಲು ಹಾಕಿಕೊಂಡಿರುವುದು ವಿಚಿತ್ರ. ಪ್ರತಿ ಗುಂಡಿಗೂ ಓದಲು ಬರುವ ಒಂದು ಹೆಸರು ಕೊಡುವುದು ತಯಾರಕರಿಗೆ ಕಷ್ಟದ ಕೆಲಸವಲ್ಲ.

ಇಷ್ಟೆಲ್ಲ ಕೇಳುವುದಕ್ಕೆ ನಾವು ಯಾರು ಎಂಬ ಅಳುಕು ಬೇಡ. ಬೆಂಗಳೂರಿನಲ್ಲಿ ಎಚ್‌ಎಎಲ್ ಎಂಜಿನಿಯರ್ ಆಗಿದ್ದ, ಕೊಳಲೂ ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ರೂಪಿಸಿದರು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದು ಸುಲಭವಾಗಬೇಕೆಂಬ ಬಯಕೆಗೆ ದಾರಿ ಮಾಡಿಕೊಟ್ಟದ್ದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಕನ್ನಡದ ಒತ್ತಕ್ಷರ, ಗುಣಿತಗಳು ಹೇಗೆ ಕೂಡುತ್ತವೆಂದು ಬಲ್ಲವರಿಗೆ ಮಾತ್ರ ಹೊಳೆಯುವ ಪರಿಹಾರ ಅದು.

ಬೇಡಿಕೆ ಬರೆಯುವ ರೀತಿಯೂ ಮುಖ್ಯ. ‘ಗಮಕ ಚೆನ್ನಾಗಿ ಬರಲಿ’ ಎಂದು ಬರೆದರೆ ಬೆಲ್ಜಿಯಂನಲ್ಲಿ ಕುಳಿತ ಎಂಜಿನಿಯರಿಗೆ ಏನೂ ತಿಳಿಯದು. ‘ಆಧಾರ ಷಡ್ಜವನ್ನು ಬಳಕೆದಾರನೇ 226 ಎಂದು ನಮೂದಿಸುವಂತಿರಲಿ, ಸ್ವರವನ್ನು ತಿದ್ದುವ ಮೊದಲು ತೋರಿಸಲಿ, ತೂಗುವ ಸ್ವರವನ್ನು ನಿಲ್ಲಿಸದಿರಲಿ’ ಎಂದರೆ ಆತ ಮರುದಿನವೇ ಕೆಲಸ ಹಿಡಿಯಬಹುದು. ಜೊತೆಗೆ ಹತ್ತು ಸೆಕೆಂಡಿನ ಧ್ವನಿ ಮಾದರಿ ಕಳಿಸಿದರೆ ಇನ್ನೂ ಒಳ್ಳೆಯದು. ಆಧಾರ ಷಡ್ಜ ಎಷ್ಟು ಎಂದು ಅಳೆಯಲು ‘ಪ್ರಾಟ್’ ಎಂಬ ಉಚಿತ ತಂತ್ರಾಂಶವಿದೆ. ಭಾಷಾವಿಜ್ಞಾನಿಗಳಿಗಾಗಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮಾಡಿದ್ದು. ಅದು ದನಿಯ ಗೆರೆಯನ್ನು ತೋರಿಸುತ್ತದೆ, ಕೆಂಪು ಗುರುತು ಹಾಕುವುದಿಲ್ಲ.

ಮಾಗಡಿಯ ಹುಡುಗನ ಕಡೆಗೆ ಹಿಂತಿರುಗಿದರೆ, ಆತ ಮಾಡಿದ ಒಂದೇ ನಿಜವಾದ ತಪ್ಪು ಮೂಲ ಮುದ್ರಣದ ಮೇಲೇ ತಿದ್ದಿದ್ದನ್ನು ಉಳಿಸಿದ್ದು. ಮೂಲ ದನಿಗೆ ಕೈಹಚ್ಚದೆ ಪರಿಣಾಮಗಳನ್ನು ಹೊರಗಿನಿಂದ ಹೊದಿಸಿ, ಬೇಡವೆಂದರೆ ತೆಗೆಯುವ ಸೌಲಭ್ಯ ಆಡಾಸಿಟಿಗೆ 2022ರಲ್ಲಷ್ಟೇ ಬಂತು. ಅದೂ ಬಳಕೆದಾರರ ಹಳೆಯ ಬೇಡಿಕೆಯೇ. ತಂತ್ರಾಂಶ ಯಾವುದೇ ಇರಲಿ, ಮೊದಲ ಮುದ್ರಣದ ಒಂದು ಪ್ರತಿಯನ್ನು ಹಾಡಿದವರ ಹೆಸರು, ಊರು, ತಾರೀಖು ಬರೆದು ಬೇರೆ ಕಡೆ ಎತ್ತಿಡುವುದಕ್ಕೆ ಯಾವ ಹೊಸ ಆವೃತ್ತಿಯೂ ಬೇಕಿಲ್ಲ. ಅಜ್ಜಿ ಮತ್ತೊಮ್ಮೆ ಹಾಡಿಯಾಳು. ಅದೇ ಪದವನ್ನು, ಮದುವೆ ಚಪ್ಪರದ ಕೆಳಗೆ ಹಾಡಿದಂತೆಯೇ ಹಾಡುತ್ತಾಳೆ ಎಂದು ಹೇಳಲಾಗದು.